ಕೈ ಕಾಣುವ ಆಟ, ಬೆನ್ನು ಕಾಣುವ ಆಟ

ನಮ್ಮ ಮನೆಯ ತೊಟ್ಟಿಯ ನಡುವೆ ಒಂದು ಗೋಡೆ ಇತ್ತು. ತೊಟ್ಟಿಮನೆ ಅಂದರೆ ನಡುವೆ ಆಕಾಶ ಕಾಣುವ ಅಂಗಳ, ಸುತ್ತಲೂ ಕಂಬದ ಪಡಸಾಲೆ. ಮಳೆ ಬಂದರೆ ನಾಲ್ಕು ಸೂರಿನ ನೀರೂ ಒಂದೇ ಅಂಗಳಕ್ಕೆ ಬೀಳಬೇಕು. ನಮ್ಮಲ್ಲಿ ಅದು ಎರಡು ಅಂಗಳಕ್ಕೆ ಬೀಳುತ್ತಿತ್ತು. ತಾತ ತೀರಿಕೊಂಡ ಮೇಲೆ ನಾಲೆ ಪಕ್ಕದ ಗದ್ದೆಯ ವಿಷಯದಲ್ಲಿ ಅಪ್ಪನಿಗೂ ದೊಡ್ಡಪ್ಪನಿಗೂ ಮಾತು ಬೆಳೆದು, ಪಾಲಾಗಿ, ಸಿಮೆಂಟ್ ಇಟ್ಟಿಗೆಯ ಆ ಗೋಡೆ ಎದ್ದಿತ್ತು. ಅದಕ್ಕೆ ಗಾರೆ ಮಾತ್ರ ಆಗಿರಲಿಲ್ಲ. ಗಾರೆ ಮಾಡಿಸಬೇಕಾದರೆ ಇಬ್ಬರೂ ಕೂತು ಮಾತಾಡಬೇಕಿತ್ತು, ಅದು ಆಗುವ ಮಾತಾಗಿರಲಿಲ್ಲ. ಒರಳುಕಲ್ಲು ನಮ್ಮ ಕಡೆ ಉಳಿಯಿತು, ರಾಗಿ ಬೀಸುವ ಕಲ್ಲು ಅವರ ಕಡೆ ಹೋಯಿತು. ಹೆಂಗಸರು ಮಾತ್ರ ಈ ಪಾಲನ್ನು ಒಪ್ಪಿಕೊಂಡಂತೆ ಕಾಣಲಿಲ್ಲ. ಅವ್ವ ಬಸ್ಸಾರು ಮಾಡಿದ ದಿನ ಒಂದು ಬಟ್ಟಲು ಗೋಡೆಯ ಮೇಲೆ ಕೂರುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಬಟ್ಟಲು ಮಾಯವಾಗಿ, ಮಾರನೆಯ ದಿನ ದೊಡ್ಡವ್ವನ ಅವರೆಕಾಳು ಸಾರು ತುಂಬಿಕೊಂಡು ಮತ್ತೆ ಅಲ್ಲೇ ಬಂದು ಕೂರುತ್ತಿತ್ತು. ಅಜ್ಜಿ ಒಂದು ತಿಂಗಳು ಗೋಡೆಯ ಈಚೆ, ಒಂದು ತಿಂಗಳು ಆಚೆ. ತಿಂಗಳು ಮುಗಿದ ದಿನ ತನ್ನ ಚಾಪೆ, ಎಲೆಅಡಿಕೆ ಚೀಲ ಹಿಡಿದುಕೊಂಡು, ಯಾರಿಗೂ ಹೇಳದೆ ಬೀದಿ ಬಾಗಿಲಿಂದ ಸುತ್ತಿ ಆಚೆ ಮನೆಗೆ ಹೋಗುತ್ತಿದ್ದಳು.

ಅಣ್ಣತಮ್ಮಂದಿರು ಒಬ್ಬರ ಹೆಸರನ್ನು ಇನ್ನೊಬ್ಬರು ಎತ್ತುತ್ತಿರಲಿಲ್ಲ. ಎರಡು ಮನೆಯ ಮುಂದೆಯೂ ಹಾದ ಒಂದೇ ಬೀದಿ ಜಗುಲಿಯಲ್ಲಿ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಕೂತಿದ್ದರೂ ಮಾತು ಅಜ್ಜಿಯ ಮೂಲಕವೇ ಹೋಗಿ ಬರಬೇಕು.

“ಅವ್ನಿಗೆ ಏಳವ್ವ, ನಾಳೆ ಎತ್ತು ನಂಗೆ ಬೇಕು ಅಂತ,” ಎನ್ನುತ್ತಿದ್ದರು ಅಪ್ಪ.

“ಕೇಳುಸ್ತೇನ್ಲಾ?” ಎಂದು ಅಜ್ಜಿ ಈ ಕಡೆಯಿಂದ ಆ ಕಡೆಗೆ ತಿರುಗುತ್ತಿದ್ದಳು.

“ಕೇಳುಸ್ತು. ತಕೊಂಡೋಗ್ಲಿ ಅನ್ನು,” ಎನ್ನುತ್ತಿದ್ದರು ದೊಡ್ಡಪ್ಪ.

ನಾನೀಗ ಮದ್ದೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ‘ನಾನು’ ಉತ್ತಮ ಪುರುಷ, ‘ನೀನು’ ಮಧ್ಯಮ ಪುರುಷ, ‘ಅವನು’ ಪ್ರಥಮ ಪುರುಷ ಎಂದು ಬೋರ್ಡಿನ ಮೇಲೆ ಬರೆಯುವಾಗಲೆಲ್ಲ ನನಗೆ ಆ ಜಗುಲಿ ನೆನಪಾಗುತ್ತದೆ. ಈಚೆಗೆ ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಮಿಸ್, ಪ್ರಥಮ ಅಂದ್ರೆ ಫಸ್ಟು. ಫಸ್ಟ್ ಪರ್ಸನ್ ಅಂದ್ರೆ ನಾನು. ಗೇಮಲ್ಲಿ ಅಂಗೇ ಇರೋದು. ನೀವು ಉಲ್ಟಾ ಬರೆದಿದೀರ” ಅಂದ. ಅವನ ಪಕ್ಕದವನು, “ಲೇ, ಥರ್ಡ್ ಪರ್ಸನ್ನೇ ಬೆಸ್ಟು ಕಣ್ಲಾ, ಮೂಲೆ ಹಿಂದೆ ಯಾರವ್ನೆ ಅಂತ ಕಾಣ್ತದೆ” ಅಂದ. ಇಡೀ ಕ್ಲಾಸು ಎರಡು ಪಾರ್ಟಿಯಾಯಿತು. ನಾನು ಡಸ್ಟರಿನಿಂದ ಟೇಬಲ್ ಕುಟ್ಟಲಿಲ್ಲ. ಸುಮ್ಮನೆ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡೆ. ಇದೇ ಜಗಳವನ್ನು ನಾನೂ ಗಿರೀಶನೂ ಹಲಗೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ, ರಾಗಿ ಮೂಟೆಗೆ ಒರಗಿಕೊಂಡು, ಇಡೀ ಒಂದು ವರ್ಷ ಆಡಿದ್ದೆವು.

ಗಿರೀಶ ದೊಡ್ಡಪ್ಪನ ಮಗ, ನನಗಿಂತ ಒಂದು ಕ್ಲಾಸು ಮುಂದೆ. ಕಂಪ್ಯೂಟರು ಬಂದದ್ದು ನಮ್ಮ ಕಡೆಗೆ. ಮದ್ದೂರಿನಲ್ಲಿ ಟೈಪಿಂಗ್ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ ಹೊಸ ಕಂಪ್ಯೂಟರು ತಂದಾಗ ಹಳೆಯದನ್ನು, “ಮಗು ಕಲೀಲಿ” ಎಂದು ಗೋಣಿಚೀಲ ಸುತ್ತಿ ಬಸ್ಸಿನ ಟಾಪಿನ ಮೇಲೆ ಹಾಕಿಸಿ ಕಳಿಸಿದ್ದರು. ಟ್ರಂಕಿನಷ್ಟು ದಪ್ಪಗಿನ ಮಾನಿಟರು ನಡುಮನೆಯಲ್ಲಿ, ಮೂಟೆಗಳ ಪಕ್ಕದ ಮೇಜಿನ ಮೇಲೆ ಕೂತಿತು. ಅವ್ವ ಅದಕ್ಕೊಂದು ಹಳೇ ಸೀರೆ ಹರಿದು ಮುಸುಕು ಹಾಕಿದಳು. ಅದರೊಂದಿಗೆ ಕವರಿಲ್ಲದ, ಹೆಸರಿಲ್ಲದ ಒಂದು ಸಿಡಿ ಬಂದಿತ್ತು. ಹಾಕಿದರೆ ಒಂದು ಆಟ. ಒಬ್ಬ ವೀರ ಬೆಟ್ಟ, ಕೋಟೆ, ಕಾಡು ಸುತ್ತುತ್ತಾನೆ. ಅಡ್ಡ ಬಂದವರ ಜೊತೆ ಕತ್ತಿ ಕಾದುತ್ತಾನೆ. ಹಸಿರು ಶಾಲು ಹೊದ್ದ ಆ ವೀರನಿಗೆ ಏನು ಹೆಸರೋ ನಮಗೆ ಗೊತ್ತಾಗಲಿಲ್ಲ. ಅಜ್ಜಿ ಅವನನ್ನು ಸಿದ್ದ ಎಂದು ಕರೆದಳು, ಅದೇ ನಿಂತಿತು.

ಕೀಬೋರ್ಡಿನಲ್ಲಿ ಒಂದು ಕೀ ಇತ್ತು. ಅದನ್ನು ಒತ್ತಿದರೆ ಸಿದ್ದ ಮಾಯವಾಗಿ ಅವನ ಎರಡು ಕೈ, ಕತ್ತಿಯ ತುದಿ ಮಾತ್ರ ಕಾಣುತ್ತಿದ್ದವು. ಅವನ ಕಣ್ಣಿನಿಂದ ನಾವೇ ನೋಡಿದ ಹಾಗೆ. ಇನ್ನೊಮ್ಮೆ ಒತ್ತಿದರೆ ಕ್ಯಾಮೆರಾ ಹಿಂದಕ್ಕೆ ಸರಿದು ಸಿದ್ದನ ಬೆನ್ನು, ಹೆಗಲು, ಗಾಳಿಗೆ ಹಾರುವ ಶಾಲು, ಅವನ ಸುತ್ತಲಿನ ಬಯಲು ಎಲ್ಲ ಕಾಣುತ್ತಿದ್ದವು. ಒಂದನ್ನು ಕೈಯಾಟ, ಇನ್ನೊಂದನ್ನು ಬೆನ್ನಾಟ ಎಂದು ನಾವು ಕರೆದುಕೊಂಡೆವು. ಗಿರೀಶ ಶಾಲೆ ಬಿಟ್ಟ ಕೂಡಲೇ ಹಿತ್ತಲ ಬಾಗಿಲಿಂದ ನುಸುಳಿ ಬರುತ್ತಿದ್ದ. ಬಂದವನೇ ಆ ಕೀ ಒತ್ತಿ ಕೈಯಾಟಕ್ಕೆ ಹಾಕುತ್ತಿದ್ದ. ನನ್ನ ಸರದಿ ಬಂದಾಗ ನಾನು ಬೆನ್ನಾಟಕ್ಕೆ ಹಾಕುತ್ತಿದ್ದೆ.

“ಬೆನ್ನಾಟದಲ್ಲಿ ಆಡೋನು ಸಿದ್ದ ಕಣಮ್ಮಿ, ನೀನಲ್ಲ. ಅವ್ನು ಸತ್ರೆ ನಿಂಗೇನು? ಕೈಯಾಟದಲ್ಲಿ ನಾನೇ ಸಾಯದು,” ಎನ್ನುತ್ತಿದ್ದ ಗಿರೀಶ.

“ಅದ್ಕೇ ನೀನು ದಿನಾ ಸಾಯದು. ಹಿಂದಿಂದ ಬರೋನು ನಿಂಗೆ ಕಾಣಕಿಲ್ಲ,” ಎನ್ನುತ್ತಿದ್ದೆ ನಾನು.

“ಗುರಿ ಇಡು ನೋಡಾನ ಬೆನ್ನಾಟದಲ್ಲಿ! ಅವ್ನ ತಲೇನೇ ಅಡ್ಡ ಬತ್ತದೆ.”

ಇಬ್ಬರ ಮಾತಿನಲ್ಲೂ ನಿಜವಿತ್ತು. ಕೋಟೆಯೊಳಗೆ ಒಂದು ಸುರಂಗ ಬರುತ್ತಿತ್ತು. ಅಲ್ಲಿಗೆ ಹೋದರೆ ಕ್ಯಾಮೆರಾಗೆ ಹಿಂದೆ ನಿಲ್ಲಲು ಜಾಗವೇ ಸಿಗದೆ ಗೋಡೆಯೊಳಗೆ ಹೊಕ್ಕು, ಪರದೆಯೆಲ್ಲ ಕಪ್ಪಾಗಿ ಸಿದ್ದ ಎಲ್ಲಿದ್ದಾನೆಂದೇ ತಿಳಿಯುತ್ತಿರಲಿಲ್ಲ. ಆಗ ನಾನು ಸೋತು ಗಿರೀಶನ ಕಡೆ ನೋಡುತ್ತಿದ್ದೆ. ಅವನು ರಾಜನ ಹಾಗೆ ಕೈ ಚಾಚಿ ಆ ಕೀ ಒತ್ತಿ, ಕೈಯಾಟದಲ್ಲಿ ಸುರಂಗ ದಾಟಿಸಿ ಕೊಡುತ್ತಿದ್ದ. ಬಯಲಿಗೆ ಬಂದು ನಾಲ್ಕು ಕಡೆಯಿಂದ ಶತ್ರುಗಳು ಮುತ್ತಿದಾಗ ಅವನು ಬೆವೆತು ಮೌಸನ್ನು ನನ್ನ ಕಡೆ ತಳ್ಳುತ್ತಿದ್ದ. ಒಬ್ಬರನ್ನೊಬ್ಬರು ಬಯ್ದುಕೊಂಡೇ ನಾವಿಬ್ಬರೂ ಸೇರಿ ಒಬ್ಬ ಸಿದ್ದನನ್ನು ಸಾಕುತ್ತಿದ್ದೆವು.

ಅಜ್ಜಿಗೆ ಮಾತ್ರ ಬೆನ್ನಾಟವೇ ಆಗಬೇಕು. ಮೊದಲ ಸಲ ಗಿರೀಶನ ಹಿಂದೆ ಕೂತು ಕೈಯಾಟ ನೋಡಿದವಳಿಗೆ ತಲೆ ಸುತ್ತಿ ವಾಂತಿ ಬರುವ ಹಾಗಾಗಿ, ಅವ್ವ ನಿಂಬೆಹಣ್ಣು ಮೂಸಿಸಬೇಕಾಯಿತು. ಚೇತರಿಸಿಕೊಂಡ ಅಜ್ಜಿ ಕೇಳಿದ್ದು ಒಂದೇ.

“ಯಾರ್ದುಲಾ ಆ ಕೈ? ಕೈ ಐತೆ, ಮನುಸ ಎಲ್ಲಿ?”

“ಮನುಸ ನಾನೇ ಕಣಜ್ಜಿ,” ಅಂದ ಗಿರೀಶ.

“ನೀನು ಇಲ್ಲಿ ಕುಂತಿದ್ದೀಯಲ್ಲ ಮುಂಡೇದೆ! ಅಲ್ಲಿರೋನ್ನ ತೋರ್ಸು. ಉಂಡವ್ನೋ ಇಲ್ವೋ, ಸೊರಗವ್ನೋ ಏನೋ, ನೋಡ್ಬ್ಯಾಡ್ವಾ?”

ಅಂದಿನಿಂದ ಅಜ್ಜಿ ಕೋಣೆಯಲ್ಲಿದ್ದಷ್ಟು ಹೊತ್ತು ಬೆನ್ನಾಟ ಕಾಯಂ ಆಯಿತು. ಬೆನ್ನಾಟ ಇದ್ದರೆ ಮನೆಯೆಲ್ಲ ಆಟಕ್ಕೆ ಸೇರುತ್ತಿತ್ತು. ಅವ್ವ ಒಲೆಯ ಮುಂದೆ ಮುದ್ದೆ ತೊಳಸುತ್ತಲೇ, “ಹೊಳೆ ದಾಟುದ್ನಾ?” ಎಂದು ಕೇಳುತ್ತಿದ್ದಳು. ಆಚೆ ಮನೆಯ ತಿಂಗಳಲ್ಲಿದ್ದರೂ ಅಜ್ಜಿ ಗೋಡೆಯ ಮೇಲಿಂದ, “ಸಿದ್ದ ಎಲ್ಲಿಗೋದ್ನಮ್ಮಿ ಇವತ್ತು?” ಎಂದು ಕೂಗುತ್ತಿದ್ದಳು. ಕೈಯಾಟ ಹಾಕಿದರೆ ಅದು ಗಿರೀಶನೊಬ್ಬನದು. ಅವನು ಪರದೆಗೆ ಮೂಗು ತಾಗಿಸಿ ಕೂರುತ್ತಿದ್ದ, ಕರೆದರೂ ಓಗೊಡುತ್ತಿರಲಿಲ್ಲ.

ಇನ್ನು ನಾಟಕದ ಮಾತು. ನಮ್ಮ ಸೀಮೆಯಲ್ಲಿ ನೇಗಿಲು ಹಿಡಿಯುವವರಿಗೆಲ್ಲ ನಾಟಕದ ಹುಚ್ಚು. ನಮ್ಮೂರಿನ ಹಾರ್ಮೋನಿಯಂ ಮೇಷ್ಟ್ರು ಎಲ್ಲರೂ ಆಡುವ ನಾಟಕಗಳನ್ನು ಕಲಿಸಿ ಕಲಿಸಿ ಬೇಸತ್ತು, ತಾವೇ ಒಂದು ರಾಜರ ನಾಟಕ ಬರೆದಿದ್ದರು. ಅದರಲ್ಲಿ ಚಂಡವಿಕ್ರಮ ಎಂಬ ದೊರೆ, ಅವನ ವೈರಿ ರಣಭೈರವ ಎಂಬ ದಳಪತಿ. ಅಪ್ಪ ದೊರೆ, ದೊಡ್ಡಪ್ಪ ದಳಪತಿ. ಪಾಲಾಗುವುದಕ್ಕೆ ಮುಂಚಿನಿಂದಲೂ ಈ ಪಾತ್ರಗಳು ಅವರವೇ. ಪಾಲಾದ ಮೇಲೂ ಯಾರೂ ಬಿಟ್ಟುಕೊಡಲಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಅವರಿಬ್ಬರು ಬಣ್ಣ ಹಚ್ಚಿಕೊಂಡು ಎದುರುಬದುರು ನಿಂತು, ‘ಎಲವೋ ನೀಚ’ ಎಂದು ಊರೆಲ್ಲ ಕೇಳುವಂತೆ ಮಾತಾಡುತ್ತಿದ್ದರು. ಪ್ರಾಕ್ಟೀಸಿನಲ್ಲಿ ಮೇಷ್ಟ್ರು ತಿದ್ದಲು ಹಾರ್ಮೋನಿಯಂ ನಿಲ್ಲಿಸಿದರೆ ಸಾಕು, ಇಬ್ಬರೂ ಮುಖ ತಿರುಗಿಸಿ ಒಬ್ಬರು ಬೀಡಿ ಹಚ್ಚುವರು, ಇನ್ನೊಬ್ಬರು ನೀರು ಕುಡಿಯುವರು. ಅಪ್ಪನಿಗೆ ತಮ್ಮ ದೊರೆಯ ಪಾತ್ರದ ಮೇಲೆ ಬಹಳ ಅಭಿಮಾನ. ಗದ್ದೆಯ ಬದುವಿನಲ್ಲಿ, ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ, ಎಮ್ಮೆ ಮೈ ತೊಳೆಯುವಾಗ ಮಾತು ಒಪ್ಪಿಸುತ್ತಲೇ ಇರುತ್ತಿದ್ದರು. ಗಂಟಲು ನಿಜಕ್ಕೂ ದೊಡ್ಡದು. ಆ ಗಂಟಲಿಗೆ ತಕ್ಕ ದೊರೆ ತಾನು ಎಂದು ಅವರು ನಂಬಿದ್ದರು, ನಾವೂ ನಂಬಿದ್ದೆವು.

ಆ ವರ್ಷ ಮಳವಳ್ಳಿಯಿಂದ ಒಬ್ಬ ವಿಡಿಯೋದವನನ್ನು ಕರೆಸಿದ್ದರು. ನಾಟಕ ಮುಗಿದು ಎಷ್ಟೋ ವಾರದ ಮೇಲೆ ಸಿಡಿ ಬಂತು. ಅದನ್ನು ಹಾಕಿ ನೋಡಲು ನಮ್ಮ ಬೀದಿಯಲ್ಲಿದ್ದದ್ದು ನಮ್ಮ ಕಂಪ್ಯೂಟರೊಂದೇ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೇಷ್ಟ್ರು, ಪಾತ್ರಧಾರಿಗಳು, ಅವರ ಹೆಂಡಿರು ಮಕ್ಕಳು ಎಲ್ಲ ನಡುಮನೆಯಲ್ಲಿ ಇಕ್ಕಟ್ಟಾಗಿ ಕೂತರು. ಅವ್ವ ಕಾಫಿ ಕಾಸುತ್ತಿದ್ದಳು. ಆಗ ಬೀದಿ ಬಾಗಿಲಲ್ಲಿ ದೊಡ್ಡಪ್ಪ ಕಾಣಿಸಿಕೊಂಡರು. ಗೋಡೆ ಎದ್ದ ಮೇಲೆ ಅವರು ನಮ್ಮ ಹೊಸಿಲಿಗೆ ಬಂದದ್ದು ಅದೇ ಮೊದಲು. ಒಳಗೆ ಬರಲಿಲ್ಲ, ಹೊಸಿಲ ಆಚೆ ಚಪ್ಪಲಿ ಬಿಡುವ ಜಾಗದಲ್ಲಿ ಕಂಬಕ್ಕೊರಗಿ ಕೂತರು. ಅಪ್ಪ ನೋಡಿಯೂ ನೋಡದವರಂತೆ ನನಗೆ, “ಸುಮಿ, ಟಿವಿ ವಸಿ ಬಾಗ್ಲ ಕಡೆಗೆ ತಿರುಗ್ಸು, ಹಿಂದಿರೋರ್ಗೆ ಕಾಣಕಿಲ್ಲ,” ಅಂದರು. ಮಾನಿಟರಿಗೆ ಅವರು ಯಾವಾಗಲೂ ಟಿವಿ ಎನ್ನುತ್ತಿದ್ದರು.

ಸಿಡಿ ಓಡಿತು. ಪರದೆ ಎದ್ದು ದೊರೆಯ ಪ್ರವೇಶ. ಗಂಟಲು ಅಪ್ಪನದೇ, ಆದರೆ ಅದು ಯಾರ ಮೈಯಿಂದ ಬರುತ್ತಿದೆ ಎಂದು ಒಂದು ಗಳಿಗೆ ನನಗೆ ತಿಳಿಯಲಿಲ್ಲ. ಕಿರೀಟದ ಕೆಳಗೆ ಬಾಗಿದ ಹೆಗಲು. ಮೈಕಿನ ಕಡೆಗೆ ಮುಂದೆ ಚಾಚಿದ ಕುತ್ತಿಗೆ. ಎಡಗೈ ಮತ್ತೆ ಮತ್ತೆ ಸೊಂಟಕ್ಕೆ ಹೋಗಿ ಪಟ್ಟಿ ಎಳೆದುಕೊಳ್ಳುತ್ತಿತ್ತು. ನಡೆಯುವಾಗ ಮಂಡಿಯನ್ನು ಮೇಲಕ್ಕೆ ಎತ್ತೆತ್ತಿ ಇಡುತ್ತಿದ್ದರು. ಎದುರಿಗೆ ದೊಡ್ಡಪ್ಪ ನೆಟ್ಟ ಕಂಬದ ಹಾಗೆ ನಿಂತಿದ್ದರಿಂದ ಅದು ಇನ್ನಷ್ಟು ಎದ್ದು ಕಾಣುತ್ತಿತ್ತು. ಯಾರೋ ಒಬ್ಬರು ಮೆಲ್ಲಗೆ ನಕ್ಕರು. ಇನ್ನಿಬ್ಬರು ಸೇರಿಕೊಂಡರು. ಆಗ ಹೊಸಿಲ ಆಚೆಯಿಂದ ದೊಡ್ಡಪ್ಪ ಹೇಳಿದರು:

“ಅವ್ನು ನಾಟಿ ಗದ್ದೇಲಿ ಕಾಲು ಕಿತ್ತಿಟ್ಟಂಗೆ ನಡೀತಾವ್ನಲ್ಲ ಮೇಷ್ಟ್ರೇ!”

ನಡುಮನೆಯೆಲ್ಲ ನಗು. ಅದರಲ್ಲಿ ವಿಷವೇನೂ ಇರಲಿಲ್ಲ. ದೊಡ್ಡಪ್ಪ ಕಂಡದ್ದನ್ನೇ ಹೇಳಿದ್ದರು, ನಾಟಕ ಆಡುವವರೆಲ್ಲ ಒಬ್ಬರನ್ನೊಬ್ಬರು ಹೀಗೆ ಆಡಿಕೊಳ್ಳುವುದು ಇದ್ದದ್ದೇ. ಆದರೆ ಅಪ್ಪ ಎದ್ದರು. ಕೂತವರ ಕಾಲು ದಾಟಿಕೊಂಡು, ಹೊಸಿಲಲ್ಲಿ ಅಣ್ಣನ ಪಕ್ಕದಲ್ಲೇ ಹಾದು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೋದರು. ಪರದೆಯ ಮೇಲೆ ದೊರೆ ಇನ್ನೂ ಗರ್ಜಿಸುತ್ತಲೇ ಇದ್ದ. ಮೇಷ್ಟ್ರು ನನ್ನ ಕಡೆ ನೋಡಿ, “ನಿಲ್ಸವ್ವ ಸಾಕು,” ಅಂದರು.

ಆ ದಿನ ಸಂಜೆ ಅಪ್ಪ ಅವ್ವನನ್ನು ಕೇಳಿದ್ದು ನನಗೆ ಅಡಿಗೆಮನೆಯಿಂದ ಕೇಳಿಸಿತು.

“ಇಷ್ಟು ವರ್ಸ ನಾನು ಇಂಗಾ ಕಾಣ್ತಿದ್ದೆ?”

“ಊ, ಇಂಗೇ ಕಾಣ್ತಿದ್ರಿ,” ಅಂದಳು ಅವ್ವ. “ಅದ್ಕೇನೀಗ? ಗಂಟ್ಲು ಚೆನ್ನಾಗಿತ್ತಲ್ಲ.”

“ನೀನಾದ್ರೂ ಏಳ್ಬಾರ್ದಾಗಿತ್ತಾ?”

“ನೀವು ಕೇಳ್ಬೇಕಲ್ಲ.”

ಅಪ್ಪ ಮಾರನೆಯ ದಿನವೇ ಮೇಷ್ಟ್ರ ಮನೆಗೆ ಹೋಗಿ, ಬರುವ ವರ್ಷ ದೊರೆಯ ಪಾತ್ರ ಬೇರೆ ಯಾರಿಗಾದರೂ ಕೊಡಿ ಎಂದು ಹೇಳಿ ಬಂದರು. ಬದುವಿನ ಮೇಲೆ ಮಾತು ಒಪ್ಪಿಸುವುದು ನಿಂತಿತು. ಮನೆ ಎಷ್ಟು ಸದ್ದಿಲ್ಲದೆ ಹೋಯಿತೆಂದರೆ ಎಮ್ಮೆ ಕೂಡ ಮೈ ತೊಳೆಯುವಾಗ ತಿರುತಿರುಗಿ ನೋಡುತ್ತಿತ್ತು ಎಂದು ಅಜ್ಜಿ ಹೇಳುತ್ತಿದ್ದಳು. ಊಟದ ಹೊತ್ತಿನಲ್ಲಿ ಅಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿ, ನುಂಗುವುದನ್ನೇ ಮರೆತು ಕೂರುತ್ತಿದ್ದರು. ಅಪ್ಪ ಚಿಕ್ಕವರಾಗಿ ಹೋಗಿದ್ದರು, ಅದನ್ನು ನಮ್ಮ ಮನೆಯ ಮೇಜಿನ ಮೇಲೇ ನಾನು ನೋಡಿದ್ದೆ.

ಮಳೆ ಹಿಡಿದ ಒಂದು ಮಧ್ಯಾಹ್ನ ಗದ್ದೆಗೆ ಹೋಗಲಾಗದೆ ಅಪ್ಪ ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದರು. ನಾನು ಬೆನ್ನಾಟ ಆಡುತ್ತಿದ್ದೆ. ಸಿದ್ದ ಒಂದು ಕೋಟೆಯ ಮೆಟ್ಟಿಲು ಹತ್ತುತ್ತಿದ್ದ. ಅಪ್ಪ ಅದನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು:

“ಅವ್ನ ಇನ್ನೊಂದ್ಸಲ ಕೆಳಗಿಂದ ನಡುಸ್ಕೊಂಡ್ ಬಾ.”

ನಡೆಸಿದೆ.

“ಇನ್ನೊಂದ್ಸಲ. ನಿಧಾನ.” ಅವರು ಮುಂದಕ್ಕೆ ಸರಿದು ಕೂತರು. “ಎಗ್ಲು ನೋಡಮ್ಮಿ. ಕತ್ತಿ ಇಡ್ಕೊಂಡವ್ನೆ, ಆದ್ರೂ ಎಗ್ಲು ಅಲುಗಾಡಕಿಲ್ಲ.”

“ನೀವೇ ಆಡಿ ಅಪ್ಪ,” ಅಂದೆ.

ಕೈಯನ್ನು ಪಂಚೆಗೆ ಒರೆಸಿಕೊಂಡು ಅವರು ಕುರ್ಚಿಯಲ್ಲಿ ಕೂತರು. ಮೊದಲು ಕೈಯಾಟವೇ ಬೇಕೆಂದರು. ಗಿರೀಶ ಹಾಗೆ ಆಡುವುದನ್ನು ನೋಡಿದ್ದರಂತೆ. ಒತ್ತಿಕೊಟ್ಟೆ. ಸಿದ್ದನ ಕೈಗಳು ಗೋಡೆಗೆ ಹೋಗಿ ಬಡಿದವು, ತಿರುಗಿ ಇನ್ನೊಂದು ಗೋಡೆಗೆ ಬಡಿದವು. ಸ್ವಲ್ಪ ಹೊತ್ತು ಒದ್ದಾಡಿ ಅಪ್ಪ ಕೀಬೋರ್ಡಿನಿಂದ ಕೈ ತೆಗೆದರು.

“ಸ್ಟೇಜ್ ಮೇಲೆ ನಂಗೆ ಕಾಣೋದು ಇದೇ ಕಣಮ್ಮಿ,” ಅಂದರು. “ನನ್ನ ಕೈ, ಕತ್ತಿ, ಎದುರುಗಡೆ ಲೈಟು. ಕಿರೀಟ ಇಟ್ಕಂಡಿದ್ದೀನಲ್ಲ, ದೊರೆ ಆಗ್ಬುಟ್ಟೆ ಅಂದ್ಕಂಡಿದ್ದೆ. ಬೆನ್ನು ಅಂತ ಒಂದೈತೆ ಅನ್ನೋದೇ ಗ್ಯಾನ ಇರ್ಲಿಲ್ಲ. ಅದನ್ನ ತಿರುಗ್ಸು.”

ನಾನು ಕೀ ಒತ್ತಿದೆ. ಹಸಿರು ಶಾಲಿನ ಬೆನ್ನು ಬಂತು. ಅಪ್ಪ ಎದ್ದು ನಿಂತು ನನಗೆ ಮೌಸು ಕೊಟ್ಟರು. ನಾನು ಸಿದ್ದನನ್ನು ನಡೆಸಿದೆ. ಅವರು ಹೆಗಲ ಮೇಲೆ ಹಸಿರು ಟವೆಲು ಹಾಕಿಕೊಂಡು, ಕೈಯಲ್ಲಿ ಅವ್ವನ ಲಟ್ಟಣಿಗೆ ಹಿಡಿದು, ರಾಗಿ ಮೂಟೆಯಿಂದ ದೇವರ ಕೋಣೆಯವರೆಗೆ ಅವನ ಹಾಗೇ ನಡೆದರು. ಸಿದ್ದ ನಿಂತರೆ ನಿಂತರು. ತಿರುಗಿದರೆ ತಿರುಗಿದರು. ಅವನು ಮೊದಲು ತಲೆ ತಿರುಗಿಸಿ, ಆಮೇಲೆ ಮೈ ತಿರುಗಿಸುತ್ತಾನೆ ಎಂದು ಕಂಡುಹಿಡಿದದ್ದು ಅಪ್ಪನೇ. ಅಷ್ಟು ದಿನ ಆಡಿಯೂ ನಾನು ಗಮನಿಸಿರಲಿಲ್ಲ. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದಳು.

ಅಷ್ಟರಲ್ಲಿ ಗಿರೀಶ ಮಳೆಗೆ ಗೊರಗ ಹೊದ್ದುಕೊಂಡು ಹಿತ್ತಲಿಂದ ಬಂದ. ಲಟ್ಟಣಿಗೆ ಹಿಡಿದು ಎದೆಯೆತ್ತಿ ಬರುತ್ತಿದ್ದ ಚಿಕ್ಕಪ್ಪನಿಗೆ ಎದುರಾಗಿ, ವಾಪಸ್ಸು ಓಡಬೇಕೋ ನಿಲ್ಲಬೇಕೋ ತಿಳಿಯದೆ ಬಾಗಿಲಲ್ಲೇ ನಿಂತುಬಿಟ್ಟ. ಅಪ್ಪನೂ ನಿಂತರು. ಆಮೇಲೆ ಲಟ್ಟಣಿಗೆಯನ್ನು ಅವನ ಕೈಗೆ ಕೊಟ್ಟು ಕೇಳಿದರು:

“ನಿಮ್ಮಪ್ಪ ಎಂಗ್ಲಾ ನಡೀತಾನೆ ಸ್ಟೇಜ್ ಮೇಲೆ? ನಡ್ದು ತೋರ್ಸು.”

ಗಿರೀಶ ನಡೆದು ತೋರಿಸಿದ. ದೊಡ್ಡಪ್ಪನ ಹಾಗೇ ಗದ್ದ ಎತ್ತಿ, ಕತ್ತಿ ನೆಲಕ್ಕೆ ತಾಗದಂತೆ ಮಣಿಕಟ್ಟು ತಿರುಗಿಸಿ. ಅಪ್ಪ ಅವನ ಹಿಂದೆ ಹಿಂದೆ ನಡೆದರು. ಮಳೆ ನಿಲ್ಲುವವರೆಗೂ ಮೂವರೂ ಅದನ್ನೇ ಮಾಡಿದೆವು. ಆಮೇಲಿನ ದಿನಗಳಲ್ಲಿ ಬಿಡುವಾದಾಗಲೆಲ್ಲ ಅಪ್ಪ ಬಂದು, “ಸಿದ್ದನ್ನ ನಡ್ಸು” ಎನ್ನುತ್ತಿದ್ದರು. ಪಾತ್ರವನ್ನು ಮಾತ್ರ ವಾಪಸ್ಸು ಕೇಳಲಿಲ್ಲ. ಬಿಟ್ಟೆ ಎಂದ ಮೇಲೆ ಕೇಳುವ ಮನುಷ್ಯ ಅಲ್ಲ ಅವರು.

ಮೇಷ್ಟ್ರು ಪೂರಿಗಾಲಿಯಿಂದ ಒಬ್ಬರನ್ನು ಹುಡುಕಿ ದೊರೆ ಮಾಡಿದರು. ಆ ಸಲ ನಾಟಕ ಮಂಡ್ಯದಲ್ಲಿ, ದೊಡ್ಡ ಸಭಾಂಗಣದಲ್ಲಿ, ಹಗಲು ಹೊತ್ತಿನಲ್ಲೇ ಎಂದು ಗೊತ್ತಾಗಿ ಊರಿಗೆ ಊರೇ ಸಂಭ್ರಮಪಡುತ್ತಿತ್ತು. ಪ್ರಾಕ್ಟೀಸು ಶುರುವಾದ ಒಂದು ಸಂಜೆ ದೊಡ್ಡಪ್ಪ ಸೀದಾ ನಮ್ಮ ಮನೆಗೆ ಬಂದರು. ಈ ಸಲ ಹೊಸಿಲಲ್ಲಿ ನಿಲ್ಲಲಿಲ್ಲ. ಒಳಗೆ ಬಂದು ಅಜ್ಜಿಯ ಚಾಪೆಯ ತುದಿಯಲ್ಲಿ ಕೂತರು. ಅಪ್ಪ ಎದುರಿಗೆ ಕಂಬಕ್ಕೊರಗಿ ಹಗ್ಗ ಹೊಸೆಯುತ್ತಿದ್ದರು, ತಲೆ ಎತ್ತಲಿಲ್ಲ.

“ಅವ್ನಿಗೆ ಏಳವ್ವ,” ಅಂದರು ದೊಡ್ಡಪ್ಪ. “ಪೂರಿಗಾಲಿಯೋನ ಜೊತೆ ನಾನು ಕತ್ತಿ ಇಡಿಯಕಿಲ್ಲ. ಅವ್ನ ಕತ್ತಿ ಎಲ್ಲಿ ಬತ್ತದೆ ಅಂತ್ಲೇ ನಂಗೆ ತಿಳಿಯಕಿಲ್ಲ. ನನ್ನ ತಮ್ಮ ಇಲ್ದಿದ್ರೆ ನಾನ್ಯಾರ್ನ ಬಡೀಲಿ?”

“ಗದ್ದೇಲಿ ನಡಿಯೋನು ದೊರೆ ಎಂಗಾದಾನು ಅಂತ ಕೇಳವ್ವ,” ಅಂದರು ಅಪ್ಪ, ಹಗ್ಗದ ಕಡೆಗೇ ನೋಡುತ್ತ.

ಅಜ್ಜಿ ಅತ್ತ ನೋಡಿದಳು, ಇತ್ತ ನೋಡಿದಳು. ಎಲೆಅಡಿಕೆ ಚೀಲ ಕಟ್ಟಿ ಪಕ್ಕಕ್ಕಿಟ್ಟಳು.

“ನಾನೇನ್ಲಾ ಕರೆಂಟ್ ಕಂಬ್ವಾ, ಆ ಕಡೆಯಿಂದ ಈ ಕಡೆಗೆ ತಂತಿ ಎಳಿಯಕೆ? ಇಬ್ರಿಗೂ ಬಾಯಿ ಐತೆ. ನಂಗೆ ಸಾಕಾಯ್ತು ಬುಡಿ,” ಎಂದವಳೇ ಎದ್ದು ಹಿತ್ತಲಿಗೆ ಹೋಗಿಬಿಟ್ಟಳು.

ಅವ್ವ ಎರಡು ಲೋಟ ಕಾಫಿ ತಂದಿಟ್ಟಳು. ಇಬ್ಬರೂ ಕುಡಿದರು. ದೊಡ್ಡಪ್ಪ ಲೋಟ ಕೆಳಗಿಟ್ಟು ಎದ್ದು ಹೋದರು. ಅವರ ಹೆಜ್ಜೆ ಬೀದಿಯಲ್ಲಿ ಮರೆಯಾದ ಮೇಲೆ ಅಪ್ಪ ಅಂದರು:

“ಸುಮಿ, ಮೇಷ್ಟ್ರಿಗೆ ಏಳ್ಬುಟ್ಟು ಬಾ. ಅಪ್ಪ ನಾಳೆ ಪ್ರಾಕ್ಟೀಸ್ಗೆ ಬತ್ತಾರಂತೆ ಅಂತ.”

ಮಂಡ್ಯಕ್ಕೆ ನಾವೆಲ್ಲ ಒಂದೇ ಟೆಂಪೋದಲ್ಲಿ ಹೋದೆವು. ಸಭಾಂಗಣದ ಹೊರಗೆ ಬಿರುಬಿಸಿಲು, ಒಳಗೆ ಕತ್ತಲೆ ಮಾಡಿ ಲೈಟು ಹಾಕಿದ್ದರು. ನಾನೂ ಗಿರೀಶನೂ ಪಕ್ಕದ ಪರದೆಯ ಸಂದಿಯಲ್ಲಿ ನಿಂತಿದ್ದೆವು. ಅಪ್ಪ ಪ್ರವೇಶಕ್ಕೆ ಮುಂಚೆ ನಮ್ಮ ಪಕ್ಕದಲ್ಲೇ ನಿಂತಿದ್ದರು, ಬಣ್ಣದ ವಾಸನೆ, ಕರ್ಪೂರದ ವಾಸನೆ. ಹಾರ್ಮೋನಿಯಂ ಎತ್ತಿತು. ಅಪ್ಪ ತಲೆಯನ್ನು ಮೊದಲು ತಿರುಗಿಸಿದರು, ಆಮೇಲೆ ಮೈ. ಹೆಗಲು ಅಲುಗದೆ ಲೈಟಿನೊಳಕ್ಕೆ ನಡೆದರು. ಗಿರೀಶ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, “ಸಿದ್ದ ಕಣಮ್ಮಿ, ಸಿದ್ದ!” ಅಂದ. ಮುಂದಿನ ಸಾಲಿನಲ್ಲಿ ಕೂತಿದ್ದ ಅವ್ವ ಸೆರಗು ಬಾಯಿಗೆ ಒತ್ತಿಕೊಳ್ಳಲಿಲ್ಲ, ನೆಟ್ಟಗೆ ಕೂತು ನೋಡಿದಳು. ಅಪ್ಪನ ಮೊದಲ ಮಾತು ಮುಗಿಯುವ ಮುಂಚೆಯೇ ಹಿಂದಿನ ಸಾಲಿನಿಂದ ಶಿಳ್ಳೆ ಬಿತ್ತು.

ಕೊನೆಯ ಅಂಕದಲ್ಲಿ ಕತ್ತಿ ಕಾಳಗ. ದೊರೆ, ದಳಪತಿ ಸುತ್ತು ಹಾಕುತ್ತಿದ್ದರು, ಮರದ ಕತ್ತಿಗಳು ಟಕಟಕ ಬಡಿದುಕೊಳ್ಳುತ್ತಿದ್ದವು. ನೆಲಕ್ಕೆ ಹಾಸಿದ್ದ ಜಮಖಾನದ ಒಂದು ಅಂಚು ಸುರುಳಿಯಾಗಿತ್ತು. ದೊಡ್ಡಪ್ಪನ ಕಾಲು ಅದಕ್ಕೆ ಸಿಕ್ಕಿ, ಅಷ್ಟೆತ್ತರದ ಆಳು ದಡಾರನೆ ಬಿದ್ದರು. ಅವರ ಕಿರೀಟ ಉರುಳಿ ಹಾರ್ಮೋನಿಯಂ ಹತ್ತಿರ ಹೋಯಿತು. ದೊರೆ ಕತ್ತಿ ಬಿಸಾಡಿ ಮಂಡಿಯೂರಿದ. ಮೇಲೆ ತೂಗುಬಿದ್ದಿದ್ದ ಮೈಕು ಎಲ್ಲವನ್ನೂ ಹಿಡಿಯಿತು.

“ಅಣ್ಣ! ಅಣ್ಣಾ, ಪೆಟ್ಟಾಯ್ತಾ ನಿಂಗೆ?”

ಮೇಷ್ಟ್ರ ಬೆರಳುಗಳು ಹಾರ್ಮೋನಿಯಂ ಮನೆಗಳ ಮೇಲೇ ನಿಂತುಬಿಟ್ಟವು. ದಳಪತಿ ಮಲಗಿದ್ದಲ್ಲೇ ಒಂದು ಗಳಿಗೆ ದೊರೆಯ ಮುಖ ನೋಡಿದ.

“ಇಲ್ಲ ಕಣ್ಲಾ,” ಅಂದರು ದೊಡ್ಡಪ್ಪ. ಅದೂ ಮೈಕಿನಲ್ಲಿ ಕೇಳಿತು. “ಏನೂ ಆಗಿಲ್ಲ. ನೀನು ಕತ್ತಿ ಎತ್ಕೊ. ಜನ ನೋಡ್ತಾವ್ರೆ.”

ಅಪ್ಪ ಕೈ ಕೊಟ್ಟು ಎತ್ತಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವೈರಿಯನ್ನು ಎತ್ತಿ ನಿಲ್ಲಿಸಿ ಕಾದುವ ದೊರೆ ಎಂದು ಎಷ್ಟೋ ಜನ ಅದನ್ನು ನಾಟಕದ ಭಾಗವೆಂದೇ ತಿಳಿದರು. ಕಾಳಗ ಮತ್ತೆ ಶುರುವಾಗಿ, ಮೇಷ್ಟ್ರು ಬರೆದ ಹಾಗೇ ದಳ‍ಪತಿ ದೊರೆಯನ್ನು ಕೊಂದ. ಅಪ್ಪ ಬಹಳ ಚೆನ್ನಾಗಿ ಸತ್ತರು.

ವಾಪಸ್ಸು ಬರುವಾಗ ಸಂಜೆಯ ಬಿಸಿಲು. ಟೆಂಪೋದ ಹಿಂದಿನ ಸೀಟಿನಲ್ಲಿ ಅಪ್ಪ, ದೊಡ್ಡಪ್ಪ ಅಕ್ಕಪಕ್ಕ ಕೂತಿದ್ದರು. ಕಿವಿಯ ಹಿಂದೆ, ಕುತ್ತಿಗೆಯಲ್ಲಿ ಇನ್ನೂ ಬಣ್ಣ ಉಳಿದಿತ್ತು. ಟೆಂಪೋ ಮದ್ದೂರು ದಾಟಿತು. ಆಮೇಲೆ ದೊಡ್ಡಪ್ಪ ಕಿಟಕಿಯಾಚೆ ನೋಡುತ್ತಲೇ ಅಂದರು:

“ನೀನು ಆ ಸುತ್ತಲ್ಲಿ ಎಡಗಾಲು ಮುಂದಿಟ್ಟೆ. ಅದ್ಕೇ ನಾನು ಬಿದ್ದಿದ್ದು.”

“ನಾನಾ?” ಅಪ್ಪ ಪೂರ್ತಿ ತಿರುಗಿ ಕೂತರು. “ನಾನ್ಯಾಕೆ ಎಡಗಾಲು ಇಡ್ಲಿ? ನೀನು ಜಮಖಾನ ನೋಡ್ದೆ ಕಾಲಿಟ್ಟೆ.”

“ನಂಗೇ ಏಳ್ಕೊಡ್ತೀಯೇನ್ಲಾ? ನಾನು ಇಷ್ಟು ವರ್ಸದಿಂದ ಕತ್ತಿ ಇಡ್ದೋನು!”

“ಇಡ್ದಿದ್ರೇನು ಅಣ್ಣ, ನೆಲ ನೋಡ್ಬ್ಯಾಡ್ವಾ ನೀನು?”

ದನಿ ಏರಿತು. ಡ್ರೈವರು ಕನ್ನಡಿಯಲ್ಲಿ ಹಿಂದೆ ನೋಡಿದ. ದೊಡ್ಡವ್ವ ಗಾಬರಿಯಾಗಿ ಬಿಡಿಸಲು ಏಳಹೋದಳು. ನನ್ನ ಪಕ್ಕ ಕೂತಿದ್ದ ಅಜ್ಜಿ ಅವಳ ಸೆರಗು ಹಿಡಿದು ಕೂರಿಸಿದಳು.

“ಕುಂತ್ಕಳವ್ವ,” ಅಂದಳು. “ಬೈದಾಡ್ಲಿ ಬುಡು.”

ಹಲಗೂರು ಬರುವವರೆಗೂ ಅವರು ಜಗಳವಾಡುತ್ತಲೇ ಇದ್ದರು. ಅಜ್ಜಿ ಕಿಟಕಿಗೆ ತಲೆಯಾನಿಸಿ, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ, ಆ ಗದ್ದಲದ ನಡುವೆ ನಿದ್ದೆ ಹೋದಳು.